ದೊಡ್ಡಮನೆ ಸೀರೆ

ತಿ. ನರಸೀಪುರದ ಶಾಲೆಯೊಂದಕ್ಕೆ ನಾನು ಟೀಚರಾಗಿ ಸೇರಿದ ಹೊಸತು. ಎರಡು ಸಾವಿರದ ಇಸವಿ ದಾಟಿ ಸ್ವಲ್ಪ ಕಾಲವಾಗಿತ್ತು. ಊಟದ ಬಿಡುವಿನಲ್ಲಿ ಜೊತೆಯ ಟೀಚರೊಬ್ಬರು ನನ್ನ ಗಂಜಿ ಹಾಕಿದ ಕಾಟನ್ ಸೀರೆಯ ಸೆರಗನ್ನು ಮುಟ್ಟಿ ನೋಡಿದರು. ನನ್ನ ಜಾತಿ ಯಾವುದೆಂದು ಅವರಿಗೆ ಅವತ್ತಷ್ಟೇ ಯಾರೋ ಹೇಳಿದ್ದರು. "ನಿಮ್ಮನ್ನ ನೋಡಿದ್ರೆ ಹಾಗೆ ಕಾಣೋದೇ ಇಲ್ಲ ಮೇಡಂ" ಅಂದರು. ಅದೊಂದು ಮೆಚ್ಚುಗೆಯ ಮಾತು ಅಂತ ಪಾಪ ಅವರು ತಿಳಿದಿದ್ದರು. ಹಾಗೆ ಅಂದರೆ ಹೇಗೆ ಕಾಣಬೇಕಿತ್ತು ಅಂತ ಕೇಳಿದೆ. ಅವರು ಟಿಫನ್ ಬಾಕ್ಸಿನ ಮುಚ್ಚಳ ಹುಡುಕತೊಡಗಿದರು. ನಾನು ಬಿಡಲಿಲ್ಲ. ತಲೆ ಬಾಚದೆ ಬರಬೇಕಿತ್ತೋ, ಹರಿದದ್ದು ಉಟ್ಟು ಬಾಗಿಲಾಚೆ ನಿಲ್ಲಬೇಕಿತ್ತೋ, ಹೇಳಿ, ನಾಳೆಯಿಂದ ಹಾಗೇ ಬರುತ್ತೇನೆ ಅಂದೆ. ಬೆಲ್ ಹೊಡೆದದ್ದರಿಂದ ಅವರು ಬಚಾವಾದರು.

ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಅಂತ ಶಾಲೆಯಲ್ಲಿ ಹೆಸರಾಗಿದೆ. ಆಗಲಿ. ಬಟ್ಟೆ ನೋಡಿ ಮನುಷ್ಯರಿಗೆ ಬೆಲೆ ಕಟ್ಟುವವರನ್ನು ಕಂಡರೆ ನನಗೆ ಈಗಲೂ ಮೈಯೆಲ್ಲಾ ಉರಿಯುತ್ತದೆ. ನಾನು ಹುಟ್ಟಿದ ಊರಿನಲ್ಲಿ ಬೆಲೆ ಕಟ್ಟಿ ಸುಮ್ಮನಾಗುತ್ತಿರಲಿಲ್ಲ, ಈ ಹೆಂಗಸು ಇಂಥ ಮನೆಯ ಸೊತ್ತು ಅಂತಲೂ ಸೀರೆ ನೋಡಿಯೇ ಹೇಳಿಬಿಡುತ್ತಿದ್ದರು. ಕೊರಳ ಹಗ್ಗ ನೋಡಿ ಹಸು ಯಾರದೆಂದು ಹೇಳುತ್ತಾರಲ್ಲ, ಹಾಗೆ. ನಮ್ಮವ್ವನನ್ನೂ ಹಾಗೇ ಹೇಳುತ್ತಿದ್ದರು. ಈಗ ಬರೆಯುತ್ತಿರುವುದು ಅವಳ ಒಂದು ಸೀರೆಯ ಸಂಗತಿ.

ಕವಲಂದೆ ಕಡೆಯಿಂದ ನಂಜನಗೂಡಿಗೆ ಬರುವ ದಾರಿಯಲ್ಲಿ ಬಸ್ಸಿಳಿದು ಒಳಗೆ ನಡೆದರೆ ನಮ್ಮೂರು. ಮೊದಲು ಸಿಗುವುದು ಮೇಲುಬೀದಿ, ಅದನ್ನು ದಾಟಿದರೆ ಕೆರೆ ಏರಿ, ಏರಿಯ ಕೆಳಗೆ ನಮ್ಮ ಕೇರಿ. ಏರಿ ಮೇಲಿನ ಸುತ್ತುದಾರಿ ಬಿಟ್ಟರೆ, ಬಸ್ಸಿಗೆ ಹೋಗಬೇಕಾದರೂ, ಬಸ್ಸಿಳಿದು ಮನೆಗೆ ಬರಬೇಕಾದರೂ ನಾವು ಮೇಲುಬೀದಿಯನ್ನೇ ತುಳಿಯಬೇಕು. ಆ ಬೀದಿಗೆ ಅದರದೇ ಕಾನೂನು. ನಮ್ಮಪ್ಪ ಬೀದಿಯ ತುದಿಯಲ್ಲೇ ಹೆಗಲ ಟವೆಲನ್ನು ಕಂಕುಳಿಗೆ ಇಳಿಸಿಕೊಳ್ಳುತ್ತಿದ್ದ, ಎತ್ತಿ ಕಟ್ಟಿದ ಪಂಚೆಯನ್ನು ಕೆಳಗೆ ಬಿಡುತ್ತಿದ್ದ, ಕಾಲಿನ ಚಪ್ಪಲಿ ಕೈಗೆ ಬರುತ್ತಿತ್ತು. ಯಾರೂ ಹೇಳಬೇಕಾಗಿರಲಿಲ್ಲ, ಕೈ ತಾನಾಗಿ ಹೋಗುತ್ತಿತ್ತು.

ನಾನು ಹೈಸ್ಕೂಲು ಮುಗಿಸುವ ಹೊತ್ತಿಗೆ ಈ ಕಾನೂನು ಅಲ್ಲಲ್ಲಿ ತೂತು ಬಿದ್ದಿತ್ತು. ನನ್ನ ಸೋದರಮಾವ ನಂಜನಗೂಡಿನ ಫ್ಯಾಕ್ಟರಿಯೊಂದಕ್ಕೆ ಕೆಲಸಕ್ಕೆ ಸೇರಿ, ಪ್ಯಾಂಟು ಶರಟು ಹಾಕಿ, ಕಾಲಿಗೆ ಬೂಟು ಮೆಟ್ಟಿ ಮೇಲುಬೀದಿಯಲ್ಲೇ ನಡೆದು ಹೋಗುತ್ತಿದ್ದ. ಒಂದು ದಿನ ಜಗಲಿಯ ಮೇಲೆ ಕೂತಿದ್ದವರೊಬ್ಬರು ಬೂಟು ಕೈಗೆ ತಗೊಳ್ಳೋ ಅಂದರಂತೆ. ಮಾವ ನಿಂತು ಬಹಳ ವಿನಯದಿಂದ, ಲೇಸು ಬಿಚ್ಚಿ ಕಟ್ಟುವಷ್ಟರಲ್ಲಿ ಶಿಫ್ಟಿನ ಬಸ್ಸು ಹೊರಟುಹೋಗುತ್ತದೆ ಬುದ್ಧಿ, ನೀವೇ ಬಂದು ಬಿಚ್ಚಿಕೊಟ್ಟರೆ ಬೇಗ ಆದೀತು ಅಂದನಂತೆ. ಬುದ್ಧಿ ಅನ್ನುವುದು ನಮ್ಮ ಕಡೆ ಕೇರಿಯವರು ಮೇಲುಬೀದಿಯ ಗಂಡಸರನ್ನು ಕರೆಯುವ ಮರ್ಯಾದೆಯ ಪದ. ಮರ್ಯಾದೆ ಕೊಟ್ಟರೂ ಅವನು ಏಟು ತಿಂದ. ಮರುದಿನವೂ ಬೂಟು ಮೆಟ್ಟಿಕೊಂಡೇ ಹೋದ. ಬರಬರುತ್ತಾ ಅವನನ್ನು ಅವನ ಪಾಡಿಗೆ ಬಿಟ್ಟರು.

ಹೆಂಗಸರ ಕಥೆ ಬೇರೆ. ಕೇರಿಯ ಹೆಂಗಸರು ಯಾವ ಮನೆಯ ಹೊಲಗದ್ದೆಗೆ ಹೋಗುತ್ತಾರೋ, ಆ ಮನೆಯ ಯಜಮಾನತಿ ತಾನು ಉಟ್ಟು ಬಿಟ್ಟ ಸೀರೆಯನ್ನು ಗೌರಿ ಹಬ್ಬಕ್ಕೆ ಮುಂಚೆ ಕೊಡುತ್ತಿದ್ದಳು. ಕೊಟ್ಟದ್ದನ್ನು ಮಡಚಿಟ್ಟು ಯಾವಾಗಲೋ ಉಡೋಣ ಅನ್ನುವ ಹಾಗಿಲ್ಲ. ಹಬ್ಬದ ದಿನ ಉಟ್ಟುಕೊಂಡು ಹೋಗಿ ಅವರ ಕಣ್ಣಿಗೆ ಬಿದ್ದು ಬರಬೇಕು. ಇದಕ್ಕೆ 'ಉಟ್ಟು ತೋರ್ಸಾದು' ಅಂತಲೇ ಹೆಸರು. ಉಟ್ಟು ತೋರಿಸಿದವಳು ಆ ವರ್ಷದ ಕುಯಿಲು ಮುಗಿಯುವ ತನಕ ಆ ಮನೆಯವಳು. ಬೇರೆ ಯಾರು ಎಷ್ಟು ಕೂಲಿ ಕೊಡುತ್ತೇನೆಂದರೂ ಹೋಗುವಂತಿಲ್ಲ. ಬಾಯಿಬಿಟ್ಟು ಯಾರೂ ಮಾತು ಕೊಡುತ್ತಿರಲಿಲ್ಲ, ಯಾರೂ ಕೇಳುತ್ತಲೂ ಇರಲಿಲ್ಲ. ಸೀರೆ ಉಟ್ಟರೆ ಮಾತು ಕೊಟ್ಟ ಹಾಗೆ ಅಂತ ಕೊಡುವವರಿಗೂ ಗೊತ್ತಿತ್ತು, ಉಡುವವರಿಗೂ ಗೊತ್ತಿತ್ತು.

ಅವ್ವ ಉಡುತ್ತಿದ್ದದ್ದು ದೊಡ್ಡಮನೆ ಸೀರೆ. ಮೇಲುಬೀದಿಯ ನಡುವಿನ ಮನೆ ಅದು. ಹಣೆ ತುಂಬ ವಿಭೂತಿ ಬಳಿದ ಯಜಮಾನರು ಜಗಲಿಯ ಮೇಲೆ ಕೂತು ಕೆಮ್ಮಿದರೆ ಊರಿಗೆ ಕೇಳುತ್ತಿತ್ತು. ಅವರ ಹೆಂಡತಿ ಕೆಮ್ಮಿದ್ದನ್ನೂ ನಾನು ಕೇಳಿರಲಿಲ್ಲ, ಅಷ್ಟು ಮೆತ್ತನೆಯ ಹೆಂಗಸು. ಅವರನ್ನು ನಾವು ಅಮ್ಮಾವ್ರು ಅನ್ನುತ್ತಿದ್ದೆವು. ಅವರ ಒಂದೊಂದು ಸೀರೆಯೂ ನನಗೆ ಎರಡು ಸಲ ಪರಿಚಯ. ಮೊದಲು ಅವರ ಮೈಮೇಲೆ, ಕೆಲವು ವರ್ಷದ ಮೇಲೆ ಅವ್ವನ ಮೈಮೇಲೆ. ಸಂತೆಯಲ್ಲಿ ಯಾರಾದರೂ ಅವ್ವನನ್ನು ತೋರಿಸಿ ಇವಳು ಯಾರವಳು ಅಂದರೆ, ದೊಡ್ಡಮನೆ ಸೀರೆ ಕಾಣಲ್ವಾ ಅಂತ ಇನ್ನೊಬ್ಬರು ಹೇಳುತ್ತಿದ್ದರು. ನಾನು ತಿರುಗಿ ಅವರನ್ನು ದುರುಗುಟ್ಟಿ ನೋಡುತ್ತಿದ್ದೆ. ಅವ್ವ ಸುಮ್ಮನೆ ಬದನೆಕಾಯಿ ಆರಿಸುತ್ತಿದ್ದಳು.

ನಾನು ನಂಜನಗೂಡಿಗೆ ಪಿಯುಸಿ ಓದಲು ಹೋದಾಗ ಮಾವ ನನಗೆ ಒಂದು ಚೂಡಿದಾರ್ ಹೊಲಿಸಿಕೊಟ್ಟ. ತಿಳಿ ಹಳದಿ ಬಣ್ಣದ್ದು. ನಮ್ಮ ಕೇರಿಗೆ ಬಂದ ಮೊದಲ ಚೂಡಿದಾರ್ ಅದು. ಹಾಕಿಕೊಂಡು ಮೇಲುಬೀದಿಯಲ್ಲಿ ನಡೆದರೆ ಜಗಲಿಗಳ ಮೇಲಿನ ಮಾತು ನಿಂತುಹೋಗುತ್ತಿತ್ತು. ಗಂಡುಡುಗ ಬತ್ತಾವ್ನಲ್ಲಪ್ಪೋ ಅಂತ ಹಿಂದಿನಿಂದ ಒಬ್ಬರು ಅಂದರು. ದುಪಟ್ಟಾ ಸರಿ ಮಾಡಿಕೊಂಡೆ, ತಲೆ ಬಗ್ಗಿಸಲಿಲ್ಲ. ಅಪ್ಪನಿಗೆ ಹೆದರಿಕೆ. ಕೆರೆ ಏರಿ ಮೇಲೆ ಬಳಸಿಕೊಂಡು ಹೋಗು, ಯಾಕೆ ಅವರ ಕಣ್ಣು ಕುಕ್ಕುತ್ತೀಯ ಅನ್ನುತ್ತಿದ್ದ. ಬಳಸಿಕೊಂಡು ಹೋಗಲು ನಾನೇನು ಕದ್ದಿದ್ದೀನಾ ಅಂತ ಕೇಳುತ್ತಿದ್ದೆ. ಅವ್ವ ಆ ಜಗಳದಲ್ಲಿ ಯಾವ ಕಡೆಯೂ ಸೇರುತ್ತಿರಲಿಲ್ಲ. ಚೊಂಬಿಗೆ ಕೆಂಡ ತುಂಬಿ ನನ್ನ ಚೂಡಿದಾರ್ ತಿಕ್ಕಿ ಕೊಡುತ್ತಿದ್ದಳು. ಊರಿನ ಮಡಿವಾಳರು ನಮ್ಮ ಬಟ್ಟೆ ಮುಟ್ಟುತ್ತಿರಲಿಲ್ಲ, ಹಾಗಾಗಿ ನಮ್ಮ ಕೇರಿಯ ಇಸ್ತ್ರಿಯೆಲ್ಲಾ ಚೊಂಬಿನಲ್ಲೇ.

ಆಗ ಹೊಸ ಪಂಚಾಯ್ತಿ ಕಾನೂನು ಬಂದು ಹೆಂಗಸರಿಗೆ, ನಮ್ಮ ಜನಕ್ಕೆ ಸೀಟು ಮೀಸಲಾಯಿತು. ನಮ್ಮ ಕೇರಿಯ ಸೀಟು ಪರಿಶಿಷ್ಟ ಜಾತಿಯ ಹೆಂಗಸಿಗೆ ಅಂತ ಬಂತು. ಯಾರನ್ನು ನಿಲ್ಲಿಸುವುದು ಅಂತ ಮೇಲುಬೀದಿಯ ಜಗಲಿಯ ಮೇಲೆ ಮಾತಾಯಿತು. ನಮ್ಮ ಸೀಟಿಗೆ ಅವರ ಜಗಲಿಯ ಮೇಲೆ ಮಾತು! ಯಜಮಾನರು ಅವ್ವನ ಹೆಸರು ಹೇಳಿದರು. ಅವಳು ಬಾಯಿ ಸತ್ತವಳು, ನಮ್ಮನೆ ಸೀರೆ ಉಟ್ಟುಕೊಂಡು ಬೆಳೆದವಳು, ತೋರಿಸಿದ ಕಡೆ ಹೆಬ್ಬೆಟ್ಟು ಒತ್ತುತ್ತಾಳೆ ಅಂದರಂತೆ. ಎದುರು ಯಾರೂ ನಿಲ್ಲಲಿಲ್ಲ. ಅವ್ವ ಮೆಂಬರಾದಳು. ಹೆಬ್ಬೆಟ್ಟು ಒತ್ತುತ್ತಾಳೆ ಅಂದ ಮಾತು ನನಗೆ ಚುಚ್ಚಿತ್ತು. ಸಂಜೆ ಹೊತ್ತು ಸ್ಲೇಟು ಹಿಡಿದು ಕೂರಿಸಿ ಅವಳಿಗೆ ಅವಳ ಹೆಸರು ಬರೆಯುವುದನ್ನು ಕಲಿಸಿದೆ.

ಇನ್ನು ಅಧ್ಯಕ್ಷರ ಆಯ್ಕೆ ಬಾಕಿ. ಅಧ್ಯಕ್ಷಗಿರಿ ಸಾಮಾನ್ಯ ಮಹಿಳೆಗೆ ಅಂತ ಬಂದಿತ್ತು. ದೊಡ್ಡಮನೆ ಅಮ್ಮಾವ್ರೂ ಮೇಲುಬೀದಿಯ ಸೀಟಿನಿಂದ ಮೆಂಬರಾಗಿದ್ದರು. ಯಜಮಾನರು ಲೆಕ್ಕ ಹಾಕಿಯೇ ಹೆಂಡತಿಯನ್ನು ನಿಲ್ಲಿಸಿದ್ದರು. ಕುರ್ಚಿಯ ಮೇಲೆ ಹೆಂಡತಿ, ಅಧಿಕಾರ ತನ್ನದು. ಅವಿರೋಧ ಆಯ್ಕೆ ಅಂತ ಊರೆಲ್ಲಾ ಮಾತಾಡುತ್ತಿತ್ತು. ಬೇರೆ ಪಂಚಾಯ್ತಿಗಳಲ್ಲಿ ಮೆಂಬರುಗಳನ್ನು ಜೀಪಿಗೆ ತುಂಬಿ ಧರ್ಮಸ್ಥಳ, ಸುಬ್ರಹ್ಮಣ್ಯ ಅಂತ ಯಾತ್ರೆ ಮಾಡಿಸುತ್ತಿದ್ದರು, ಚುನಾವಣೆಯ ಬೆಳಿಗ್ಗೆ ನೇರವಾಗಿ ಆಫೀಸಿಗೆ ತಂದು ಇಳಿಸುತ್ತಿದ್ದರು. ನಮ್ಮ ಯಜಮಾನರಿಗೆ ಆ ಖರ್ಚೂ ಬೇಡವಾಯಿತು. ಎದುರಾಳಿಯೇ ಇಲ್ಲದ ಮೇಲೆ ಜೀಪು ಯಾಕೆ?

ಆ ದಿನಗಳಲ್ಲಿ ಒಂದು ಬೆಳಿಗ್ಗೆ ಅವ್ವ ಒಲೆ ಊದುತ್ತಾ ನನ್ನನ್ನು ಕೇಳಿದಳು. "ಆ ಕುರ್ಚಿ ಮೇಲೆ ಮೆಂಬ್ರಾಗಿರೋ ಯಾವೆಂಗ್ಸು ಬೇಕಾರೂ ಕೂರ್ಬೋದಂತಾ?"

ನಾನು ಬಸ್ಸಿನ ಅವಸರದಲ್ಲಿದ್ದೆ. ಕಾನೂನಿನ ಪ್ರಕಾರ ನೀನೂ ಕೂರಬಹುದು, ಹೋಗಿ ಕೂತುಕೋ ಅಂತ ಕುಹಕವಾಡಿದೆ. ಅವಳು ಊಂ ಅಂದು ಮತ್ತೆ ಒಲೆ ಊದಿದಳು. ಅಪ್ಪ ಕೇಳಿಸಿಕೊಂಡು, ಅಯ್ಯೋ ತೆಗಿಯಿರಿ, ಯಾರಾದರೂ ಕೇಳಿದರೆ ಏನಂದುಕೊಂಡಾರು ಅಂದ.

ಆಯ್ಕೆಯ ಹಿಂದಿನ ದಿನ ದೊಡ್ಡಮನೆಯ ಆಳು ಬಂದು ಒಂದು ಗಂಟು ಕೊಟ್ಟು ಹೋದ. ಬಿಚ್ಚಿದರೆ ರೇಷ್ಮೆ ಸೀರೆ. ಬದನೆಕಾಯಿ ಬಣ್ಣ, ಅಂಗೈಯಗಲದ ಮಾವಿನಕಾಯಿ ಅಂಚು. ನಮ್ಮೂರಲ್ಲಿ ಆ ಸೀರೆಯನ್ನು ಗುರುತಿಸದವರು ಇರಲಿಲ್ಲ. ಮದುವೆ, ಮಠದ ಪೂಜೆ, ಎಲ್ಲಕ್ಕೂ ಅಮ್ಮಾವ್ರು ಅದನ್ನೇ ಉಟ್ಟು ಬರುತ್ತಿದ್ದರು. ಹಬ್ಬವಲ್ಲ ಏನಲ್ಲ, ಈಗ ಯಾಕೆ ಬಂತು ಅಂತ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನಾಳೆ ಎಲ್ಲಾ ಮೆಂಬರುಗಳ ಮುಂದೆ, ತಾಲ್ಲೂಕಿನಿಂದ ಬರುವ ಅಧಿಕಾರಿಯ ಮುಂದೆ ಅವ್ವ ಅದನ್ನು ಉಟ್ಟು ತೋರಿಸಬೇಕು. ಕೇರಿಯ ಮೆಂಬರು ಯಾರವಳು ಅಂತ ಪಂಚಾಯ್ತಿಗೆಲ್ಲಾ ಕಾಣಬೇಕು. ಅಪ್ಪನಿಗೆ ಪರಮ ಸಂತೋಷ. ರೇಷ್ಮೆ ಕೊಟ್ಟವ್ರೆ ನೋಡು, ನಮ್ಮ ಮೇಲೆ ಎಷ್ಟು ಪ್ರೀತಿ ಅಂತ ನಾಲ್ಕು ಮನೆಗೆ ಕೇಳುವಂತೆ ಹೇಳಿದ.

ಉಡಬೇಡ ಅಂತ ನಾನು ಸಂಜೆಯೇ ಹೇಳಿದ್ದೆ. ಬೆಳಿಗ್ಗೆ ಎದ್ದು ನೋಡಿದರೆ ಅವ್ವ ತಲೆಗೆ ನೀರು ಹಾಕಿಕೊಂಡು, ಆ ಸೀರೆಯ ಮಡಿಕೆ ಬಿಚ್ಚುತ್ತಾ ನಿಂತಿದ್ದಾಳೆ.

"ಥೂ, ನಾಚ್ಕೆ ಆಗಲ್ವಾ ನಿಂಗೆ? ಮೆಂಬ್ರಾದ್ ಮೇಲೂ ಅವ್ರು ಉಟ್ಟು ಬಿಟ್ಟಿದ್ದೇ ಬೇಕಾ?" ಅಂದೆ. ಇನ್ನೂ ಏನೇನೋ ಅಂದೆ. ನಾನು ಬೀದಿಯಲ್ಲಿ ತಲೆಯೆತ್ತಿ ನಡೆಯಲು ಹೆಣಗುತ್ತಿದ್ದರೆ ನೀನು ಮನೆಯ ಮಾನವನ್ನು ಮೂರು ಕಾಸಿಗೆ ಮಾರುತ್ತಿದ್ದೀಯ ಅಂದೆ, ಇವತ್ತು ಆ ಸೀರೆ ಉಟ್ಟು ಹೊರಟರೆ ನಾನು ನಿನ್ನ ಮಗಳೇ ಅಲ್ಲ ಅಂದೆ. ಆ ಬೈಗುಳ ಹೆಚ್ಚಾಯಿತು ಅಂತ ನನಗೆ ಇವತ್ತಿಗೂ ಅನಿಸಿಲ್ಲ. ಅವಳ ಹೊಟ್ಟೆಯೊಳಗೆ ಏನಿದೆ ಅಂತ ಹೇಳಿದ್ದರೆ ತಾನೇ?

ಅವ್ವ ನಾನು ಮುಗಿಸುವ ತನಕ ಕಾದಳು. "ಬೋದಾಯ್ತಾ? ಈಗ ಬಂದು ನೆರ್ಗೆ ಇಡ್ಕೊ. ಪಟ್ಟೆ ಸೀರೆ, ಜಾರ್ತದೆ" ಅಂದಳು.

ಹಲ್ಲು ಕಚ್ಚಿಕೊಂಡು ನೆರಿಗೆ ಹಿಡಿದೆ. ಸೀರೆ ಉಟ್ಟಾದ ಮೇಲೆ ಅವಳು ಬಾಗಿಲ ಹತ್ತಿರ ಬಿಟ್ಟಿದ್ದ ನನ್ನ ಚಪ್ಪಲಿಗಳನ್ನು ನೋಡಿದಳು. ಕಾಲೇಜಿಗೆ ಅಂತ ಕೊಂಡದ್ದು. ನನ್ನನ್ನು ಕೇಳದೆ ಅವುಗಳಲ್ಲಿ ಕಾಲು ತೂರಿಸಿದಳು. ಅವ್ವನ ಕಾಲಿಗೆ ಚಪ್ಪಲಿಯಿದ್ದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಅಪ್ಪ ಹೌಹಾರಿದ. ಮೇಲುಬೀದಿಯಲ್ಲಿ ಮೆಟ್ಟಿಕೊಂಡು ಹೋಗುತ್ತೀಯಾ ಅಂತ ಕೇಳಿದ. ಅವಳು ಆಗಲೇ ಏರಿ ಹತ್ತುತ್ತಿದ್ದಳು. ನನಗೆ ಸಿಟ್ಟು ಹೋಗಿ ಏನೋ ಕುತೂಹಲ ಶುರುವಾಯಿತು. ಬರಿಗಾಲಲ್ಲಿ ಹಿಂದೆಯೇ ಓಡಿದೆ.

ಮೇಲುಬೀದಿಯಲ್ಲಿ ಅವ್ವ ಚಪ್ಪಲಿಯ ಪಟಪಟ ಸದ್ದು ಮಾಡುತ್ತಾ ನಡೆದಳು. ಒಬ್ಬರಾದರೂ ಏನಾದರೂ ಅನ್ನಬೇಕಲ್ಲ. ಇಲ್ಲ! ಜಗಲಿಗಳ ಮೇಲಿನವರು ಮೊದಲು ಕಾಲು ನೋಡಿದರು, ಆಮೇಲೆ ಸೀರೆ ನೋಡಿದರು, ನೋಡಿ ಸುಮ್ಮನಾದರು. ಒಬ್ಬ ಮುದುಕರಂತೂ ನಕ್ಕು ತಲೆಯಾಡಿಸಿದರು. ದೊಡ್ಡಮನೆಯವರು ಸೀರೆ ಕೊಟ್ಟ ಮೇಲೆ ಚಪ್ಪಲಿಗೂ ಅಪ್ಪಣೆ ಕೊಟ್ಟಿರಬೇಕು ಅಂದುಕೊಂಡರು. ಸೀರೆ ಅವರದಾದ ಮೇಲೆ ಒಳಗಿನ ಹೆಂಗಸೂ ಅವರವಳೇ ಅನ್ನುವುದು ಆ ಬೀದಿಯ ಓದು. ಆ ಓದಿನಲ್ಲಿ ತಪ್ಪಾಗಬಹುದು ಅಂತ ಯಾರಿಗೂ ಹೊಳೆಯಲಿಲ್ಲ. ನನಗೇ ಹೊಳೆದಿರಲಿಲ್ಲ.

ಪಂಚಾಯ್ತಿ ಆಫೀಸಿನ ಕಿಟಕಿಯ ಹೊರಗೆ ಜನ ತುಂಬಿತ್ತು. ನಾನು ನುಗ್ಗಿ ಸರಳು ಹಿಡಿದು ನಿಂತೆ. ಒಳಗೆ ಬೆಂಚುಗಳ ಮೇಲೆ ಮೆಂಬರುಗಳು. ಅಕ್ಕಪಕ್ಕದ ಊರುಗಳಿಂದ ಬಂದ ಹೆಂಗಸರೂ ಇದ್ದರು, ಹೆಚ್ಚಿನವರು ನಮ್ಮವ್ವನ ಹಾಗೇ ಕೂಲಿಯವರು. ಎಲ್ಲರೂ ಯಾರ್ಯಾರದೋ ಮನೆಯ ಸೀರೆಗಳಲ್ಲಿ ಕೂತಿದ್ದರು. ಮುಂದಿನ ಸಾಲಿನಲ್ಲಿ ಅಮ್ಮಾವ್ರು ಹೊಸ ಹಸಿರು ರೇಷ್ಮೆಯಲ್ಲಿ ತಲೆ ತಗ್ಗಿಸಿಕೊಂಡು ಸೆರಗಿನ ತುದಿ ಸುತ್ತುತ್ತಿದ್ದರು. ಯಜಮಾನರು ಮೆಂಬರಲ್ಲದಿದ್ದರೂ ಬಾಗಿಲಿಗೆ ಅಡ್ಡ ಕುರ್ಚಿ ಹಾಕಿಸಿಕೊಂಡಿದ್ದರು. ಅವ್ವನ ಸೀರೆಯನ್ನು ಒಂದು ಸಲ ನೋಡಿ, ಸಮಾಧಾನವಾಗಿ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡರು.

ಅಧಿಕಾರಿ ಅಮ್ಮಾವ್ರ ನಾಮಪತ್ರ ತೆಗೆದುಕೊಂಡು ಪಕ್ಕಕ್ಕಿಟ್ಟರು. ನಿಯಮದ ಪ್ರಕಾರ ಕೇಳಬೇಕಲ್ಲ, ಬೇರೆ ಯಾರಾದರೂ ಇದ್ದೀರಾ ಅಂತ ಗಡಿಯಾರ ನೋಡುತ್ತಾ ಕೇಳಿದರು.

"ನಾನಿವ್ನಿ ಸಾ" ಅಂತ ಅವ್ವ ಎದ್ದು ನಿಂತಳು.

ಅಧಿಕಾರಿಗೆ ಅರ್ಥವಾಗಲಿಲ್ಲ. ಏನಮ್ಮ ಬೇಕು ಅಂದರು. ಅಧ್ಯಕ್ಷಗಿರಿಗೆ ತಾನು ನಿಲ್ಲುತ್ತೇನೆ ಅಂತ ಅವ್ವ ಬಿಡಿಸಿ ಹೇಳಿದಳು. ಸೂಚಿಸುವವರು ಯಾರು ಅಂದಾಗ ಪಕ್ಕದೂರಿನ ಮೆಂಬರು, ಅವ್ವನ ಜೊತೆ ನಾಟಿ ಹಾಕುವವಳು, ಥಟ್ಟನೆ ಎದ್ದು ನಿಂತಳು. ಆಗ ನನಗೆ ತಿಳಿಯಿತು. ತಿಂಗಳಿಂದ ದೊಡ್ಡಮನೆಯವರೇ ತಮ್ಮ ನೆಂಟರ ಗದ್ದೆಗಳಿಗೆ ಕಳಿಸಿ, ಅವ್ವ ಆ ಊರು ಈ ಊರು ಅಂತ ನಾಟಿಗೆ ಹೋಗುತ್ತಿದ್ದಳಲ್ಲ, ಗದ್ದೆಯ ಸಾಲಿನಲ್ಲಿ ಬಗ್ಗಿ ಪೈರು ನೆಡುತ್ತಾ ಆ ಹೆಂಗಸರೆಲ್ಲಾ ಮಾತಾಡಿಕೊಂಡಿದ್ದರು. ಬಗ್ಗಿ ಕೆಲಸ ಮಾಡುವ ಹೆಂಗಸರು ಏನು ಮಾತಾಡುತ್ತಾರೆ ಅಂತ ಬದುವಿನ ಮೇಲೆ ಕೊಡೆ ಹಿಡಿದು ನಿಂತವರು ಕಿವಿಗೊಡುವುದಿಲ್ಲ.

ಯಜಮಾನರ ಬಾಯಲ್ಲಿ ಎಲೆ ಅಡಿಕೆ ಹಾಗೇ ನಿಂತಿತು. ಎದ್ದು ಒಳಗೆ ಬಂದು, ಇವಳಿಗೆ ತಿಳಿಯುವುದಿಲ್ಲ ಸಾರ್, ಯಾರೋ ಕೆಡಿಸಿದ್ದಾರೆ ಅಂದರು. ನೀವು ಮೆಂಬರಲ್ಲ, ಹೊರಗೆ ಇರಿ ಅಂತ ಅಧಿಕಾರಿ ಹೇಳಿದರು. ಆ ಅಧಿಕಾರಿಯ ಹೊಟ್ಟೆ ತಣ್ಣಗಿರಲಿ. ಅದೇ ಹೊತ್ತಿಗೆ ಅಮ್ಮಾವ್ರು ಸೆರಗನ್ನು ಬಾಯಿಗೆ ಒತ್ತಿಕೊಂಡದ್ದನ್ನು ನಾನು ಕಿಟಕಿಯಿಂದ ನೋಡಿದೆ. ಕೆಮ್ಮಿರಬಹುದು, ನಗುವೂ ಇರಬಹುದು. ಅವ್ವ ನಾಮಪತ್ರದ ಮೇಲೆ ಬಗ್ಗಿ ತನ್ನ ಹೆಸರು ಬರೆದಳು. ಬರೆಯಲು ಬಹಳ ಹೊತ್ತು ಹಿಡಿಯಿತು. ಕಿಟಕಿಯ ಹೊರಗೆ ನಾನು ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದೆ.

ಮಧ್ಯಾಹ್ನ ಚೀಟಿ ಹಾಕಿದರು. ಅವ್ವ ಗೆದ್ದಳು. ಹೆಂಗಸರ ಜೊತೆಗೆ ದೊಡ್ಡಮನೆಯ ಮೇಲೆ ಹಳೇ ಸಿಟ್ಟಿದ್ದ ಗಂಡಸರ ಮತವೂ ಬಿದ್ದಿತ್ತು.

ಹೊರಗೆ ಬಂದಾಗ ಯಜಮಾನರು ಮೆಟ್ಟಿಲ ಹತ್ತಿರ ನಿಂತಿದ್ದರು. ಮುಖ ಕೆಂಡವಾಗಿತ್ತು. ಊರೆಲ್ಲಾ ಸುತ್ತ ನಿಂತಿತ್ತು.

"ನಮ್ ಸೀರೆ ಉಟ್ಕಂಡು ನಮ್ಗೇ ಎದ್ರು ನಿಂತ್ಕಂಡ್ಯಾ? ಬಿಚ್ಚಿಟ್ಟು ಓಗು ಅದ್ನ" ಅಂದರು.

ನಾನು ಮುಂದೆ ನುಗ್ಗಿದೆ. ಅವ್ವ ನನ್ನ ರಟ್ಟೆ ಹಿಡಿದು ಹಿಂದಕ್ಕೆ ಎಳೆದಳು. ಕೂಗಾಡಲಿಲ್ಲ. ಸಂತೆಯಲ್ಲಿ ಸೊಪ್ಪಿನ ಬೆಲೆ ಹೇಳುವ ದನಿಯಲ್ಲಿ ಹೇಳಿದಳು.

"ಗಂಡಸ್ರು ಕೇಳಿದ್ರು ಅಂತ ಸೀರೆ ಬಿಚ್ಚೋ ಮನೆತನ ನಮ್ದಲ್ಲ. ಒಗ್ದು ಅಮ್ಮಾವ್ರ ಕೈಗೇ ಕೊಡ್ತೀನಿ."

ಆ ಮಾತಿನಲ್ಲಿ ಬುದ್ಧಿ ಅನ್ನುವ ಪದ ಇರಲಿಲ್ಲ. ಅವಳು ಹುಟ್ಟಿದ ಮೇಲೆ ಆ ಮನುಷ್ಯನಿಗೆ ಬುದ್ಧಿ ಅನ್ನದೆ ಆಡಿದ ಮೊದಲ ಮಾತು ಅದೇ ಇರಬೇಕು. ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಯಜಮಾನರು ಯಾರೆಂದು ತಿರುಗಿ ನೋಡುವಷ್ಟರಲ್ಲಿ ನಾವು ಹೊರಟಿದ್ದೆವು.

ಇಷ್ಟಕ್ಕೆ ಮುಗಿದಿದ್ದರೆ ಬರೆಯುವುದು ಸುಲಭವಾಗುತ್ತಿತ್ತು. ಮರುದಿನದಿಂದ ದೊಡ್ಡಮನೆಯ ಗದ್ದೆಯ ಕೆಲಸ ನಿಂತಿತು, ಅವರ ನೆಂಟರ ಹೊಲಗಳದ್ದೂ ನಿಂತಿತು. ಅಪ್ಪ ಮಾತು ಬಿಟ್ಟ. ರೇಷ್ಮೆ ಸೀರೆ ಉಟ್ಟು ಅನ್ನ ಕಳೆದಳು ಅಂತ ಗೋಡೆಗೆ ಹೇಳಿಕೊಳ್ಳುತ್ತಿದ್ದ. ಅಧ್ಯಕ್ಷರಾದ ಅವ್ವ ಮೀಟಿಂಗ್ ಇಲ್ಲದ ದಿನ ಬೆಳಕು ಹರಿಯುವ ಮುಂಚೆ ಎದ್ದು, ತಿ. ನರಸೀಪುರದ ಕಡೆ ನಾಲೆ ಬಯಲಿನ ಗದ್ದೆಗಳಿಗೆ ಬಸ್ಸಿನಲ್ಲಿ ಕೂಲಿಗೆ ಹೋಗಿ ಬರುತ್ತಿದ್ದಳು. ಅಲ್ಲಿ ಇವಳು ಯಾರವಳು ಅಂತ ಸೀರೆ ನೋಡಿ ಹೇಳುವವರು ಇರಲಿಲ್ಲ. ಮೀಟಿಂಗ್ ದಿನಕ್ಕೆ ಅಂತ ಅಲ್ಲಿನ ಅಂಗಡಿಯೊಂದರಲ್ಲಿ ತಾನೇ ಆರಿಸಿ ಒಂದು ವಾಯಿಲ್ ಸೀರೆ ಕೊಂಡಳು, ತಿಳಿ ನೀಲಿಯದು, ಸಣ್ಣ ಹೂವಿನದು. ಬೇರೆ ಯಾರ ಮೈಮೇಲೂ ನಾನು ನೋಡಿರದ ಸೀರೆ ಅವಳ ಮೈಮೇಲೆ ಕಂಡದ್ದು ಆಗಲೇ. ಚೆನ್ನಾಗಿದೆಯಾ ಅಂತ ನನ್ನನ್ನು ಕೇಳಿದಳು. ನಾನು ಸೆರಗಿನ ಕಡೆ ಬಗ್ಗಿ, ಬಣ್ಣ ಬಿಡುತ್ತದೇನೋ ನೋಡು ಅಂತ ಏನೋ ಒಂದು ಅಂದೆ.

ಆ ಬದನೆಕಾಯಿ ಬಣ್ಣದ ಸೀರೆಯನ್ನು ಅಂಟುವಾಳಕಾಯಿಯ ನೊರೆಯಲ್ಲಿ ಅವಳೇ ಒಗೆದು, ನೆರಳಿನಲ್ಲಿ ಒಣಗಿಸಿದಳು. ನನ್ನ ಕಾಲೇಜು ಬ್ಯಾಗಿನಲ್ಲಿಟ್ಟು, ನಂಜನಗೂಡಿನಲ್ಲಿ ಒಳ್ಳೆ ಇಸ್ತ್ರಿ ಅಂಗಡಿಗೆ ಕೊಡು ಅಂದಳು. ಅಂಗಡಿಯವನು ಅಂಚು ಮುಟ್ಟಿ ನೋಡಿ, ಭಾರೀ ಸೀರೆ, ಯಾರದು ಅಂತ ಕೇಳಿದ. ನಮ್ಮೂರ ಅಧ್ಯಕ್ಷರು ಉಟ್ಟಿದ್ದು ಅಂದೆ. ಅವನು ಕಲ್ಲಿದ್ದಲು ಊದಿ, ಅಂಚಿನ ಮೇಲೆ ತೆಳುವಾದ ಬಟ್ಟೆ ಹಾಸಿ ಬಹಳ ಜೋಪಾನವಾಗಿ ಇಸ್ತ್ರಿ ಮಾಡಿದ.

ಭಾನುವಾರ ಮಧ್ಯಾಹ್ನ ಅವ್ವ ನೀಲಿ ವಾಯಿಲ್ ಉಟ್ಟು, ಒಂದು ತಟ್ಟೆ ಜೋಡಿಸಿದಳು. ಇಸ್ತ್ರಿ ಮಾಡಿದ ಸೀರೆ, ಅದರ ಮೇಲೆ ಹೊಸದೊಂದು ರವಿಕೆ ಕಣ, ಎಲೆ ಅಡಿಕೆ, ಬಾಳೆಹಣ್ಣು, ಒಂದು ಮೊಳ ಕನಕಾಂಬರ, ಅರಿಶಿನ ಕುಂಕುಮದ ಬಟ್ಟಲು. ತಟ್ಟೆ ನೋಡಿ ಅಪ್ಪ ಎದ್ದು ನಿಂತ. ಸೀರೆ ವಾಪಸು ಕೊಡುವುದು ಸರಿ, ಕಣ ಯಾಕೆ, ಕುಂಕುಮ ಯಾಕೆ, ನಮ್ಮನ್ನು ಊರು ಬಿಡಿಸುತ್ತೀಯಾ ಅಂದ. ಅಪ್ಪ ಹೆದರಿದ್ದಕ್ಕೆ ಕಾರಣವಿತ್ತು. ಉಟ್ಟು ಬಿಟ್ಟ ಸೀರೆಯನ್ನು ಯಾರು ಯಾರಿಗೆ ಬೇಕಾದರೂ ಕೊಡಬಹುದು. ಕಣ ಇಟ್ಟು, ಕುಂಕುಮ ಕೊಡುವುದು ಮಾತ್ರ ಸರಿಸಮಾನರ ನಡುವೆ. ಕೊಟ್ಟರೆ ಮುತ್ತೈದೆ ಬೇಡ ಅನ್ನಬಾರದು. ತೆಗೆದುಕೊಂಡವಳು ಕೊಟ್ಟವಳ ಹಣೆಗೂ ತನ್ನ ಕೈಯಾರೆ ಕುಂಕುಮ ಇಡಬೇಕು. ಇಡಬೇಕಾದರೆ ಮುಟ್ಟಬೇಕು. ಮೇಲುಬೀದಿಯ ಯಾವ ಹೆಂಗಸೂ ನಮ್ಮ ಕೇರಿಯ ಯಾವ ಹೆಂಗಸಿನ ಹಣೆಯನ್ನೂ ಅದುವರೆಗೆ ಮುಟ್ಟಿರಲಿಲ್ಲ.

ಅವ್ವ ತಟ್ಟೆ ಎತ್ತಿಕೊಂಡಳು. ಬಾ ಅಂತ ನನಗೆ ಕಣ್ಣು ಮಾಡಿದಳು. ಬಿಸಿಲಿನಲ್ಲಿ ಮೇಲುಬೀದಿಗೆ ಹೋದೆವು. ದೊಡ್ಡಮನೆಯ ಮುಂಬಾಗಿಲು ತೆರೆದಿತ್ತು. ಒಳಗೆ ಪಡಸಾಲೆಯಲ್ಲಿ ಯಜಮಾನರು ಕುರ್ಚಿಯ ಮೇಲೆ ಪೇಪರ್ ಓದುತ್ತಿದ್ದರು. ನಮ್ಮನ್ನು ಕಂಡು ಪೇಪರನ್ನು ಇನ್ನಷ್ಟು ಮೇಲೆತ್ತಿಕೊಂಡರು. ಅಮ್ಮಾವ್ರೇ ಅಂತ ಅವ್ವ ಕರೆದಳು. ಅಮ್ಮಾವ್ರು ಕೈ ಒರೆಸಿಕೊಳ್ಳುತ್ತಾ ಹೊಸಲಿನ ತನಕ ಬಂದರು. ತಟ್ಟೆ ನೋಡಿದರು, ಕಣ ನೋಡಿದರು.

ಅವ್ವ ಬಟ್ಟಲಿನಲ್ಲಿ ಬೆರಳದ್ದಿ, ಕೈ ಚಾಚಿ, ಅಮ್ಮಾವ್ರ ಹಣೆಗೆ ಕುಂಕುಮ ಇಟ್ಟಳು. ಅವರು ಹಿಂದಕ್ಕೆ ಸರಿಯಲಿಲ್ಲ. ತಟ್ಟೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಸೀರೆ, ಕಣ ಎಲ್ಲಾ ಎದೆಗೆ ಒತ್ತಿಕೊಂಡು, ಇನ್ನೇನು ಮಾಡಬೇಕೆಂದು ತಿಳಿಯದೆ ನಿಂತರು. ಅವ್ವ ಹೋಗಲಿಲ್ಲ. ಸೆರಗನ್ನು ಹೆಗಲ ಮೇಲೆ ಹೊದ್ದು, ಹಣೆ ಸ್ವಲ್ಪ ಮುಂದೆ ಮಾಡಿ ಕಾದಳು. ಎದುರು ಮನೆಯ ಜಗಲಿಯ ಮೇಲೆ ಜನ ಎದ್ದು ನಿಂತಿದ್ದರು. ಈಗ ಅವರು ಒಳಗೆ ಹೋಗಿಬಿಟ್ಟರೆ ಅವ್ವ ಗೆದ್ದ ಕುರ್ಚಿ ಇದ್ದೂ ಇಲ್ಲದ ಹಾಗೆ ಅಂತ ನನಗೆ ಗೊತ್ತಿತ್ತು, ಅವ್ವನಿಗೂ ಗೊತ್ತಿತ್ತು.

ಅಮ್ಮಾವ್ರು ಒಳಗಿನ ಕುರ್ಚಿಯ ಕಡೆ ಓರೆಗಣ್ಣಿನಲ್ಲಿ ನೋಡಿದರು. ದನಿ ತಗ್ಗಿಸಿ, "ಅವ್ರು ನೋಡ್ತಾವ್ರೆ ಕಣವ್ವ" ಅಂದರು.

"ನೋಡ್ಲಿ ಅಂತ್ಲೇ ಅಗ್ಲೊತ್ನಲ್ಲಿ ಬಂದಿವ್ನಿ ಅಮ್ಮಾವ್ರೆ" ಅಂದಳು ಅವ್ವ. "ಇಡಿ."

ಅಮ್ಮಾವ್ರು ತಟ್ಟೆಯನ್ನು ಸೊಂಟಕ್ಕೆ ಒರಗಿಸಿಕೊಂಡು ಕುಂಕುಮಕ್ಕೆ ಬೆರಳು ಹಾಕಿದರು. ಆ ಬೆರಳು ಅವ್ವನ ಹಣೆಯ ನಡುವೆ ಒತ್ತಿತು. ಒಳಗೆ ಕುರ್ಚಿ ಸರಿದ ಸದ್ದು ಬಂತು. ಇಬ್ಬರೂ ತಿರುಗಿ ನೋಡಲಿಲ್ಲ.